ಚಿಲಾಪಿಗೆ ಉಪವಾಸವಿಲ್ಲ

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತೆಂದರೆ ಬೆಳಗಾವಿಯ ಖಾಸಬಾಗದ ಜೈನರ ಮನೆಗಳಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಸೊಸೆ ಅತ್ತೆಯ ಕಾಲು ಮುಟ್ಟುತ್ತಾಳೆ, ಅತ್ತೆ ಸೊಸೆಗೆ ಕೈ ಮುಗಿಯುತ್ತಾಳೆ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರು ಬಸದಿಯ ಬಾಗಿಲಲ್ಲಿ 'ಉತ್ತಮ ಕ್ಷಮಾ' ಎಂದು ತಬ್ಬಿಕೊಂಡು, ಮರುದಿನದಿಂದ ಮತ್ತೆ ಮಾತು ಬಿಡುತ್ತಾರೆ. ಹಿಂದೆ ಇದಕ್ಕೆ ಮನೆಮನೆ ತಿರುಗಬೇಕಿತ್ತು. ಈಗ ಫೋನು ಇದೆ. ಸುಯೋಗ ಆ ಮುಂಜಾನೆ ಚಹಾ ಕುಡಿಯುತ್ತ, ಕೈ ಮುಗಿದ ಚಿತ್ರದ ಕೆಳಗೆ 'ಅರಿತೋ ಅರಿಯದೆಯೋ ನಮ್ಮಿಂದ ತಮ್ಮ ಮನಸ್ಸಿಗೆ ನೋವಾಗಿದ್ದರೆ ಮನಃಪೂರ್ವಕ ಕ್ಷಮೆ ಕೋರುತ್ತೇವೆ' ಎಂದಿದ್ದ ಸಂದೇಶವನ್ನು ಫೋನಿನಲ್ಲಿದ್ದ ಅಷ್ಟೂ ಹೆಸರುಗಳಿಗೆ ಕಳಿಸಿಬಿಟ್ಟ. ಬೀಗರಿಗೆ, ಬ್ಯಾಂಕಿನವರಿಗೆ, ಮೋಟಾರು ರಿಪೇರಿಯವನಿಗೆ, ಗ್ಯಾಸ್ ಏಜೆನ್ಸಿಗೆ. ಗ್ಯಾಸ್ ಏಜೆನ್ಸಿಯವರ ಮನಸ್ಸಿಗೆ ಇವನಿಂದ ಏನು ನೋವಾಗಿತ್ತೋ ದೇವರೇ ಬಲ್ಲ.

ಚಹಾ ಮುಗಿಯುವ ಮೊದಲೇ ಫೋನ್ ಬಂತು. ಖಾನಾಪುರದ ಪೇಟೆಯಲ್ಲಿ ಮೀನು ಮಾರುವ ಪ್ರಮಿಳಾ.

"ಸಾಹೇಬ್ರ, ನಿಮ್ಮ ಮೆಸೇಜ್ ಬಂತ್ರಿ. ಎರಡು ಸಲ ಓದಿದ್ನಿ."

"ಹಾಂ ಪ್ರಮಿಳಾಬಾಯಿ, ಅದು ಏನಂದ್ರ..."

"ನೀವು ಮಾಫಿ ಕೇಳೀರಿ. ಅಂದ್ರ ಮೀನಿನಾಗ ಖರೇನ ಏನೋ ಇತ್ತು ಅಂದಂಗಾತು. ನಿಮಗ ಗೊತ್ತಿತ್ತೇನ್ರಿ?"

ಅದು ಎಲ್ಲರಿಗೂ ಕಳಿಸುವ ಸಂದೇಶ, ನಮ್ಮವರ ಪದ್ಧತಿ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅದು ನಿಜವೂ ಆಗಿತ್ತು. ಆದರೆ ಅವನಿಗೆ ನಾಲಿಗೆ ಹೊರಳಲಿಲ್ಲ. ಕಳಿಸಿದ ಅಷ್ಟೂ ಮಂದಿಯಲ್ಲಿ ಅವನು ನಿಜವಾಗಿ ಕ್ಷಮೆ ಕೇಳಬೇಕಾದವಳು ಅವಳೊಬ್ಬಳೇ, ಮತ್ತು ಅದನ್ನು ನಿಜವೆಂದು ನಂಬಿದವಳೂ ಅವಳೊಬ್ಬಳೇ.

"ಖಾನಾಪುರಕ್ಕ ಬಂದು ಮಾತಾಡ್ತೀನ್ರಿ," ಎಂದು ಫೋನ್ ಇಟ್ಟ.

"ಯಾರದ?" ಎಂದು ಅಡುಗೆಮನೆಯಿಂದ ಅವ್ವ ಕೇಳಿದಳು.

"ಪಂಪಿನವ್ರದು."

ಕ್ಷಮಾವಾಣಿಯ ದಿನ, ಲೋಟ ಕೆಳಗಿಡುವ ಮೊದಲೇ ಒಂದು ಸುಳ್ಳು ಆಯಿತು. ಅವ್ವ ಸುಂದರಾಬಾಯಿ ಪರ್ವದ ದಿನಗಳಲ್ಲಿ ಒಪ್ಪತ್ತು ಉಂಡು, ಕೊನೆಯ ದಿನ ನೀರನ್ನೂ ಮುಟ್ಟದೆ ವ್ರತ ಮುಗಿಸಿದ್ದಳು. ಮುಖ ಬಾಡಿತ್ತು, ಆದರೆ ಕಣ್ಣು ತಿಳಿಯಾಗಿದ್ದವು. ಮಗನಿಗೆ ಅವಳ ಕಡೆ ನೋಡುವುದೇ ಕಷ್ಟವಾಯಿತು.

ಮಗ ಖಾನಾಪುರದಲ್ಲಿ ನೀರಿನ ಕೆಲಸ ಮಾಡುತ್ತಾನೆ, ಅವ್ವನಿಗೆ ಗೊತ್ತಿದ್ದದ್ದು ಅಷ್ಟೇ. ಅದು ಪೂರಾ ಸುಳ್ಳೂ ಅಲ್ಲ. ಸುಯೋಗ ಹಾಸ್ಟೆಲ್ಲು, ಡೈರಿ, ಕಾರ್ಖಾನೆಗಳಿಗೆ ನೀರು ಶುದ್ಧ ಮಾಡುವ ಯಂತ್ರ ಕೂಡಿಸುತ್ತಿದ್ದವನು. ಅವನ ಕಾಲೇಜು ಗೆಳೆಯ ತುಷಾರ ಕುಲಕರ್ಣಿಗೆ ಖಾನಾಪುರದಲ್ಲಿ ಕಾಕನ ಕಾಲದ, ಬಾಗಿಲು ಮುಚ್ಚಿದ ಹಂಚಿನ ಕಾರ್ಖಾನೆಯ ಶೆಡ್ ಇತ್ತು. ಅದರೊಳಗೆ ದೊಡ್ಡ ದುಂಡನೆ ತೊಟ್ಟಿಗಳನ್ನಿಟ್ಟು ಮೀನು ಸಾಕುವುದು, ಅದೇ ನೀರನ್ನು ಸೋಸಿ ಸೋಸಿ ಮತ್ತೆ ಅದೇ ತೊಟ್ಟಿಗೆ ಬಿಡುವುದು, ಕೆರೆಯಿಲ್ಲದೆ ಹೊಳೆಯಿಲ್ಲದೆ ಮಾಡಿನ ಕೆಳಗೇ ಮೀನಿನ ಬೆಳೆ ತೆಗೆಯುವುದು, ಇದು ತುಷಾರನ ವಿಚಾರ. ಬೇಕಿದ್ದದ್ದು ನೀರು ಬಲ್ಲ ಒಬ್ಬ ಮನುಷ್ಯ.

"ನಾ ಜೈನರಾಂವ, ಮೀನಿನ ಧಂದೆ ಹೆಂಗ ಮಾಡ್ಲಿ?" ಎಂದು ಸುಯೋಗ ಕೇಳಿದ್ದ.

"ನೀ ಮೀನಿನ ಧಂದೆ ಯಾಕ ಮಾಡ್ತಿ? ನೀ ನೀರಿನ ಧಂದೆ ಮಾಡು. ನೀರಿನಾಗ ಏನೈತಿ ಅನ್ನೋದು ನಾ ನೋಡ್ಕೋತೀನಿ," ಎಂದಿದ್ದ ತುಷಾರ.

ಓದಿದ ಮನುಷ್ಯನಿಗೆ ತನ್ನನ್ನು ತಾನು ಮೋಸ ಮಾಡಿಕೊಳ್ಳಲು ಇಷ್ಟೇ ಸಾಕು. ನೀರು ನನ್ನದು, ಮೀನು ತುಷಾರನದು ಎಂದು ಸುಯೋಗ ಪಾಪಪುಣ್ಯದ ಪಾಲು ಮಾಡಿಕೊಂಡ. ತುಷಾರನಾದರೂ ಎಂಥವನು? ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಮನೆಯವನು. ಈ ಧಂದೆ ಲಾಭಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳಿದವರಿಗೆಲ್ಲ ಅವನು ಲ್ಯಾಪ್‌ಟಾಪ್ ತೆರೆದು ತೋರಿಸುತ್ತಿದ್ದ. ಅದರಲ್ಲಿ ಕರೆಂಟಿಗೊಂದು ಸಾಲು, ಮೇವಿಗೊಂದು ಸಾಲು, ಜನರೇಟರಿನ ಡೀಸೆಲ್ಲಿಗೊಂದು ಸಾಲು, ನಡುವೆ ಸಾಯುವ ಮೀನಿಗೂ ಒಂದು ಸಾಲು ಇತ್ತು. ತಿನ್ನುವವರ ನಾಲಿಗೆಗೆ ಸಾಲು ಇರಲಿಲ್ಲ. ಬರೆದ ಇಬ್ಬರೂ ಜನ್ಮದಲ್ಲಿ ಮೀನು ತಿಂದವರಲ್ಲ.

ಹಾಗೆಂದು ರುಚಿಯ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ ಎಂದಲ್ಲ. ಮೀನು ಸಾಕುವ ತರಬೇತಿಗೆ ಹೋದಾಗಲೇ ಕಲಿಸುವವರು ಬಿಡಿಸಿ ಹೇಳಿದ್ದರು. ಸುತ್ತಿ ಸುತ್ತಿ ಅದೇ ನೀರು ಬರುವ ತೊಟ್ಟಿಯಲ್ಲಿ ಬೆಳೆದ ಮೀನಿನ ಮಾಂಸಕ್ಕೆ ಮಣ್ಣಿನ ವಾಸನೆ ಹತ್ತುತ್ತದೆ. ಮಾರುವ ಮೊದಲು ಅದನ್ನು ಬೇರೆ ತೊಟ್ಟಿಯಲ್ಲಿ, ಹೊಸ ನೀರಿನಲ್ಲಿ, ಒಂದು ವಾರ ಮೇವು ಹಾಕದೆ ಇಡಬೇಕು. ಆಗ ವಾಸನೆ ಹೋಗುತ್ತದೆ. "ನಿಮ್ಮಲ್ಲಿ ಪರ್ವದಾಗ ಉಪವಾಸ ಮಾಡ್ತೀರಲ್ಲ, ಮೀನಿಗೂ ಹಂಗ ಅಂತ ತಿಳೀರಿ," ಎಂದು ಅವರು ಸುಯೋಗನ ಕಡೆ ನೋಡಿ ನಕ್ಕಿದ್ದರು. ಎಲ್ಲರೂ ನಕ್ಕರು. ಸುಯೋಗ ನಗಲಿಲ್ಲ.

ತಿರುಗಿ ಬರುವಾಗ ತುಷಾರ ಲೆಕ್ಕ ಹಾಕಿದ. "ಬ್ಯಾರೆ ತೊಟ್ಟಿ ಕಟ್ಟಬೇಕು, ದಿನಾ ಹೊಸ ನೀರು ಬಿಡಬೇಕು, ಮ್ಯಾಲ ಉಪವಾಸ ಬಿದ್ದ ಮೀನ ತೂಕ ಕಳ್ಕೋತೈತಿ. ನಮ್ಮ ಲಾಭ ಅಷ್ಟೂ ಆ ವಾರದಾಗ ಕರಗತೈತಿ ನೋಡು." ಸುಯೋಗ ತಕ್ಷಣ ಹೂಂ ಅಂದ. ಅವನ ಕಾರಣ ಬೇರೆಯಿತ್ತು, ಅದನ್ನು ತುಷಾರನಿಗೆ ಹೇಳಲಿಲ್ಲ. ಅವನು ತೊಟ್ಟಿಯ ಹತ್ತಿರ ಹೋದರೆ ಸಾಕು, ಮೀನುಗಳೆಲ್ಲ ಅವನು ನಿಂತ ಬದಿಗೆ ಬಂದು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದವು. ಇವನ್ನು ಕೊಲ್ಲಲು ಕಳಿಸುವುದೇ ಒಂದು ಪಾಪ. ಹಸಿದ ಹೊಟ್ಟೆಯಲ್ಲಿ ಕಳಿಸುವುದು ಅವನಿಂದ ಆಗದ ಮಾತು. ಆದ್ದರಿಂದ ಮೀನು ಹಿಡಿಯುವ ದಿನ ಮುಂಜಾನೆ ತಾನೇ ಬೇಗ ಹೋಗಿ, ಆಳು ಕರೆಪ್ಪನ ಕೈಯಿಂದ ಬುಟ್ಟಿ ಇಸಿದುಕೊಂಡು, ಕೈಯಾರೆ ಮೇವು ಹಾಕುತ್ತಿದ್ದ. ಹೇಳಬೇಕೆಂದರೆ ಆ ಮುಂಜಾನೆಗಳಲ್ಲಿ ಅವನಿಗೆ ತನ್ನ ಬಗ್ಗೆ ತುಸು ಅಭಿಮಾನವೇ ಇತ್ತು.

ಮಳೆಗಾಲ ಹಿಡಿದು ಸಮುದ್ರದ ದೋಣಿಗಳು ನಿಂತವು. ಗೋವಾದಿಂದ ಬರುತ್ತಿದ್ದ ಬಂಗಡೆಯ ಗಾಡಿ ಬರುವುದು ಬಿಟ್ಟಿತು. ಅದೇ ಹೊತ್ತಿಗೆ ಇವರ ಮೊದಲ ಬೆಳೆ ತಯಾರಾಗಿತ್ತು. ತಿಲಾಪಿಯಾ ಎಂದು ತುಷಾರ ಬೋರ್ಡಿನಲ್ಲಿ ಬರೆಸಿದ್ದ, ಪೇಟೆಯಲ್ಲಿ ಅದಕ್ಕೆ ಚಿಲಾಪಿ ಎಂದೇ ಹೆಸರು. ಪ್ರಮಿಳಾ ತಾನಾಗಿ ಶೆಡ್ಡಿಗೆ ಬಂದಳು. ಅವಳ ಅತ್ತೆ ಕೂತ ಜಾಗದಲ್ಲಿ ಕೂತು ಮೀನು ಮಾರುವವಳು. ಖಾನಾಪುರದ ಅರ್ಧ ಊರು ಅವಳ ಕೈಯ ಮೀನು ತಿಂದು ಬೆಳೆದದ್ದು. ತೊಟ್ಟಿ ನೋಡಿ, ಮೀನು ಎತ್ತಿ ಕಿವಿರು ನೋಡಿ, "ತಾಜಾ ಅದಾವ, ನಾ ಮಾರ್ತೀನಿ," ಎಂದಳು. ಆಮೇಲೆ, "ರುಚಿ ಹೆಂಗೈತ್ರಿ?" ಎಂದು ಕೇಳಿದಳು.

"ಫಸ್ಟ್‌ಕ್ಲಾಸ್," ಎಂದ ಸುಯೋಗ. ತಿಂದವನ ಹಾಗೆ ಎಂದ.

ಆಷಾಢದಲ್ಲಿ ಅವಳು ಒಂದು ದಿನ ಕೊಡೆ ಹಿಡಿದು ಮತ್ತೆ ಬಂದಳು. "ಗಿರಾಕಿ ಒಂದೊಂದು ಹೇಳಾಕತ್ತಾವ್ರಿ. ರಾಡಿ ನಾರತೈತಂತ. ಕೆರಿ ತಳದ ಮಣ್ಣು ತಿಂದಂಗ ಆಗತೈತಂತ. ನಾ ಒಂದು ತುಂಡು ತಿಂದ್ನಿ, ನನಗೂ ಹಂಗ ಅನಿಸ್ತು. ಖರೇ ಹೇಳ್ರಿ, ನಿಮ್ಮ ನೀರಿನಾಗೇನರ ಐತೇನು?"

ಆಗ ಹೇಳಬಹುದಿತ್ತು. ಅವನಿಗೆ ಕಾರಣ ಗೊತ್ತಿತ್ತು, ಅವಳು ಅಂದ ಕೂಡಲೇ ತರಬೇತಿಯವರ ನಗು ಕಿವಿಯಲ್ಲಿ ಕೇಳಿಸಿತ್ತು. ಆದರೆ ನೀರಿನ ಮಾತು ಬಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ನೀರು ಅವನ ಪಾಲು, ಅವನ ವಿದ್ಯೆ. "ನೀರಿನ ರಿಪೋರ್ಟ್ ತೋರಿಸ್ಲೇನು? ಕುಡಿಯೋ ಹಂಗದ," ಎಂದು ಗಟ್ಟಿಸಿ ಹೇಳಿದ. ಅಷ್ಟಕ್ಕೇ ಬಿಡಲಿಲ್ಲ. "ನಿಮ್ಮ ಮೀನ ಕೊಯ್ಯೂ ಹಲಗಿ ನೋಡ್ಕೋರಿ ಪ್ರಮಿಳಾಬಾಯಿ. ಹಳೇ ಕಟಗಿ, ಅದರಾಗ ಹಳೇ ಮೀನಿನ ವಾಸನಿ ಹಿಡದಿರತೈತಿ. ಸ್ವಚ್ಛತಾ ಭಾಳ ಇಂಪಾರ್ಟೆಂಟು."

ಇಂಜಿನಿಯರ್ ಸಾಹೇಬರ ಮಾತನ್ನು ಅವಳು ನಂಬಿದಳು. ಅತ್ತೆಯ ಕಾಲದ ಹಲಗೆ ಎಸೆದು ಹೊಸದು ತಂದಳು. ಕಟ್ಟೆಯನ್ನು ದಿನಕ್ಕೆರಡು ಸಲ ಬಿಸಿನೀರಲ್ಲಿ ತಿಕ್ಕಿದಳು. ಕೈ ಸುಣ್ಣ ತಿಂದಂತೆ ಸಿಪ್ಪೆ ಎದ್ದಿತ್ತು. ಒಂದು ದಿನ ಸುಯೋಗ ಆ ದಾರಿಯಲ್ಲಿ ಹೋಗುವಾಗ ಕೈ ತೋರಿಸಿ, "ನೀವು ಹೇಳಿದ್ದು ಛಲೋ ಆತ್ರಿ," ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಆ ನಗೆಯನ್ನು ನೆನೆದರೆ ಈಗಲೂ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹಲಗೆ ಬದಲಾದರೇನು, ಮೀನು ಅದೇ. ಗಿರಾಕಿಗಳು ಒಬ್ಬೊಬ್ಬರಾಗಿ ಬಾಜೂಕಿನ ಮುತ್ತಪ್ಪನ ಕಟ್ಟೆಗೆ ಸರಿದರು. ಶ್ರಾವಣ ಕಳೆದು ಗಣಪತಿ ಹೋಗಿ, ಗೋವಾದ ಗಾಡಿ ಲೋಂಡಾದ ಮೇಲಿಂದ ಮತ್ತೆ ಬರಹತ್ತಿದರೂ ಅವರು ತಿರುಗಿ ಬರಲಿಲ್ಲ. ಪ್ರಮಿಳಾ ಹಳೇ ಮೀನು ಕೂಡಿಸಿ ಮಾರುತ್ತಾಳೆ ಎಂದು ಒಬ್ಬರು ಅಂದರು, ಅದನ್ನೇ ಊರು ಅಂದಿತು.

ಅಂಥವಳಿಗೆ ಇವನು ಕೈ ಮುಗಿದ ಚಿತ್ರ ಕಳಿಸಿದ್ದ.

ಖಾನಾಪುರಕ್ಕೆ ಬಂದವನು ಮೊದಲು ಶೆಡ್ಡಿಗೆ ಹೋದ. ತುಷಾರ ಹೊಸ ಅಂಗಿ ಹಾಕಿಕೊಂಡು ತೊಟ್ಟಿಗಳ ನಡುವೆ ನೆಲ ತೊಳೆಸುತ್ತಿದ್ದ. ಬೆಳಗಾವಿಯ ದೊಡ್ಡ ಹೋಟೆಲಿನವರು ಈ ವಾರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಧಂದೆ ದಡ ಸೇರಿದ ಹಾಗೆ. ಸುಯೋಗ ಪ್ರಮಿಳಾಳ ಫೋನಿನ ವಿಷಯ ಹೇಳಿ, "ಖರೇದ್ದು ಹೇಳಿ ಬರ್ತೀನಿ," ಎಂದ.

ತುಷಾರನಿಗೆ ಇದು ಹುಚ್ಚಾಟ ಅನಿಸಿತು. "ಇದು ಎಲ್ಲಾರಿಗೂ ಕಳ್ಸೋ ಹಬ್ಬದ ಮೆಸೇಜು ಅನ್ನು, ಮುಗೀತು. ಬೇಕಾದ್ರ ಈಗಿಂದ ಉಪವಾಸದ ತೊಟ್ಟಿ ಮಾಡೂಣು, ನಾ ಬ್ಯಾಡ ಅನ್ನಂಗಿಲ್ಲ. ಮೀನ ಸುಧಾರಿಸ್ತಂದ್ರ ಎಲ್ಲಾ ಸುಧಾರಿಸ್ತೈತಿ. ಹಳೇದು ತೆಗದು ಪ್ಯಾಟ್ಯಾಗ ಹರವಬ್ಯಾಡ. ಹೋಟೆಲ್‌ನವ್ರ ಕಿವಿಗೆ ಬಿದ್ರ ನಾವು ಕೆಟ್ಟಿವಿ."

"ಮೀನ ಸುಧಾರಿಸ್ತೈತಿ. ಆಕಿ ಗಿರಾಕಿ?"

"ಬರ್ತಾರ ಬಿಡೋ. ಜನ ಮರೀತಾರ."

ಸುಯೋಗ ಕರೆಪ್ಪನನ್ನು ಕರೆದು ಕೊನೆಯ ತೊಟ್ಟಿಗೆ ಮೇವು ನಿಲ್ಲಿಸಿ ಹೊಸ ನೀರು ಬಿಡಲು ಹೇಳಿದ, ಹೋಟೆಲಿಗೆ ಹೋಗಬೇಕಾದ ಮೀನು ಅದರಲ್ಲೇ ಇದ್ದದ್ದು. ಹೇಳುತ್ತಿದ್ದಂತೆ ಆ ಮೀನುಗಳು ಅವನ ಬದಿಗೆ ಬಂದು ಬಾಯಿ ತೆರೆದವು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಈ ಬಾಯಿಗಳ ಮೇಲಿನ ಕರುಣೆಯಿಂದಲೇ ಒಬ್ಬಳ ಅನ್ನಕ್ಕೆ ಮಣ್ಣು ಬಿತ್ತು. ಅದು ಕರುಣೆಯೋ, ತನ್ನ ಕೈಗೆ ಏನೂ ಅಂಟಬಾರದೆಂಬ ಸ್ವಾರ್ಥವೋ ಎಂದು ಅವನು ಮೊದಲ ಸಲ ಕೇಳಿಕೊಂಡ. ಉತ್ತರ ಅವನಿಗೆ ಹಿತವಾಗಿರಲಿಲ್ಲ.

ಪೇಟೆಯಲ್ಲಿ ಮಧ್ಯಾಹ್ನದ ಗದ್ದಲವಿತ್ತು. ಮೀನಿನ ಸಾಲು ಮುಗಿಯುವಲ್ಲಿಯೇ, ಓಣಿಯ ಆಚೆ, ಅವ್ವನ ತಮ್ಮ ನೇಮಿನಾಥ ಮಾಮಾನ ಕಿರಾಣಿ ಅಂಗಡಿ. ಕಂಡದ್ದು ಅವ್ವನ ಕಿವಿಗೆ ಮುಟ್ಟೀತೆಂದೇ ಸುಯೋಗ ಈ ಕಡೆ ಬಂದರೆ ಗಾಡಿಯಿಂದ ಇಳಿಯುತ್ತಿರಲಿಲ್ಲ. ಇಂದು ಇಳಿದ. ಮಾಮಾ ಬೆನ್ನು ತಿರುಗಿಸಿ ಗೋಧಿ ತೂಗುತ್ತಿದ್ದರು.

ಪ್ರಮಿಳಾ ಮಂಜುಗಡ್ಡೆಯ ಮೇಲೆ ಬಂಗಡೆ ಸಾಲಾಗಿ ಜೋಡಿಸಿಕೊಂಡು ಕೂತಿದ್ದಳು. ಮೀನು ಹೊಳೆಯುತ್ತಿದ್ದವು, ಕೊಳ್ಳುವವರಿಲ್ಲ. ಮುತ್ತಪ್ಪನ ಮುಂದೆ ಚೀಲ ಹಿಡಿದು ಮಂದಿ ನಿಂತಿದ್ದರು. ಹೊತ್ತು ಕಳೆಯಲೆಂದೋ ಏನೋ, ಅವಳು ಬುತ್ತಿ ಬಿಚ್ಚಿಟ್ಟುಕೊಂಡಿದ್ದಳು. ಭಾಕರಿ, ಕರಿದ ಎರಡು ತುಂಡು ಮೀನು.

"ಬರ್ರಿ ಸಾಹೇಬ್ರ. ಕುಂದರ್ರಿ ಅನ್ನಾಕ ಇಲ್ಲಿ ನಿಮಗ ಕುಂದ್ರೂವಂಥ ಜಾಗ ಇಲ್ಲ."

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ವಾರದ ಉಪವಾಸದ ಮಾತು, ತೂಕದ ಮಾತು, ಹಸಿದ ಮೀನು ಕಳಿಸಲು ತನಗೆ ಮನಸ್ಸಾಗಲಿಲ್ಲ ಎಂಬ ಮಾತು. ಹೇಳುತ್ತ ಹೋದಂತೆ ಆ ಕೊನೆಯ ಮಾತು ಅವನ ಕಿವಿಗೇ ನಾಟಕದಂತೆ ಕೇಳಿಸಿತು.

ಪ್ರಮಿಳಾ ಕೊನೆಗೆ ಫೋನು ತೆಗೆದು ಅವನ ಸಂದೇಶ ತೋರಿಸಿದಳು. "ಇದರಾಗ ಬರದೀರಿ, ಅರಿತೋ ಅರೀದನೋ ಅಂತ. ಯಾವುದ್ರಿ?"

"ಅರಿತು."

"ನಾ ಬಂದು ಕೇಳಿದಾಗನೂ?"

"ಆವಾಗನೂ ಗೊತ್ತಿತ್ರಿ."

"ಹಲಗಿ ತೊಳಿ ಅಂದ್ರಿ."

ಅವಳು ಅಳಲಿಲ್ಲ, ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ತನ್ನ ಸಿಪ್ಪೆ ಎದ್ದ ಕೈ ನೋಡಿಕೊಂಡು, "ನಮ್ಮ ಅತ್ತೀ ಹಲಗಿ ಅದು," ಎಂದಳು, ಅಷ್ಟೇ.

ಆಗ ಸತ್ಯಪ್ಪ ಬಂದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಪ್ರಮಿಳಾಳ ಅತ್ತೆಯ ಕಾಲದಿಂದ ಗಿರಾಕಿ. ಚೀಲ ಹಿಡಿದುಕೊಂಡು, ಅವಳ ಕಡೆ ನೋಡದ ಹಾಗೆ ನೋಡುತ್ತ ಮುತ್ತಪ್ಪನ ಕಡೆ ಹೊರಟಿದ್ದರು. ಸುಯೋಗ ಎದ್ದು ಅಡ್ಡ ನಿಂತ. "ಅಣ್ಣಾರ, ಒಂದು ಮಾತ್ರಿ. ಆ ಚಿಲಾಪಿ ನಮ್ಮ ಶೆಡ್ಡಿಂದು. ಇವರದೇನೂ ತಪ್ಪಿಲ್ಲ. ಈ ಬಂಗಡೆ ಛಲೋ ಅದಾವ, ತಗೋರಿ."

ಸತ್ಯಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಛಲೋ ಅದಾವ ಅಂತ ನಿಮಗ ಹೆಂಗ ಗೊತ್ತು? ನೀವು ತಿಂತೀರೇನು?"

"ನಾವು ತಿನ್ನಂಗಿಲ್ರಿ."

"ನೀವು ತಿನ್ನಂಗಿಲ್ಲ. ನಮಗ ತಿನ್ನಸಾಕ ಬರ್ತೀರಿ."

ಮುತ್ತಪ್ಪನ ಕಟ್ಟೆಯ ಮುಂದಿನವರು ತಿರುಗಿ ನಕ್ಕರು. ಸುಯೋಗನ ಮೈಯೆಲ್ಲ ಕಾದಿತು. ತನ್ನ ಬಾಯಿ ಶುದ್ಧವಾಗಿ ಉಳಿದದ್ದೇ ಈ ಎಲ್ಲದರ ಮೂಲ ಎಂದು ಅವನಿಗೆ ಅನಿಸಿತು. ಹಾಗಿದ್ದರೆ ಆ ಬಾಯಿಯೇ ದಂಡ ಕಟ್ಟಲಿ. ಯೋಚಿಸಲಿಲ್ಲ, ಬಗ್ಗಿ ಪ್ರಮಿಳಾಳ ಬುತ್ತಿಯಿಂದ ಕರಿದ ತುಂಡೊಂದನ್ನು ಎತ್ತಿದ. ಬೆರಳಿಗೆ ಎಣ್ಣೆ ಹತ್ತಿತು. ಕಣ್ಣು ಮುಚ್ಚಿ ಬಾಯಿಗೆ ಒಯ್ದ.

ಪ್ರಮಿಳಾ ಅವನ ಮಣಿಕಟ್ಟು ಹಿಡಿದಳು. ಆ ಕೈ ಒರಟಾಗಿತ್ತು, ಬಿಗಿಯಾಗಿತ್ತು.

"ಇಡ್ರಿ ಅದನ್ನ."

"ಪ್ರಮಿಳಾಬಾಯಿ, ತಿಂದು ತೋರಿಸ್ತೀನಿ..."

"ನೀವು ತಿಂದ್ರ ನಿಮಗ ಸಮಾಧಾನ ಆಗತೈತಿ. ನನಗೇನಾಗತೈತಿ? ಜೈನರ ಹುಡುಗನ ಬಾಯಾಗ ಪ್ರಮಿಳಾ ಮೀನ ಹಾಕಿದ್ಲು ಅಂತ ಸಂಜೀ ಅನ್ನೂದ್ರಾಗ ಊರೆಲ್ಲ ಆಗತೈತಿ. ನಿಮ್ಮ ತಾಯಿ ನನಗ ಶಾಪ ಹಾಕ್ತಾರ. ಹಲಗಿದು ನನ್ನ ಮ್ಯಾಲ ಹಾಕಿದ್ರಿ. ಇದನ್ನೂ ನನ್ನ ಮ್ಯಾಲ ಹಾಕಬ್ಯಾಡ್ರಿ."

ಅವನ ಕೈಯಿಂದ ತುಂಡು ಬಿಡಿಸಿಕೊಂಡು ಅವಳು ಭಾಕರಿಯ ಮೇಲೆ ಇಟ್ಟಳು. ಸುಯೋಗ ಎಣ್ಣೆಗೈಯಲ್ಲಿ ಹಾಗೇ ನಿಂತ. ಪ್ರಾಯಶ್ಚಿತ್ತವೆಂದು ತಾನು ಎತ್ತಿದ್ದೂ ಇನ್ನೊಂದು ಸಲ ಅವಳ ತಲೆಗೇ ಕಟ್ಟುವ ಭಾರವಾಗಿತ್ತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

"ಮತ್ತ ಏನು ಮಾಡ್ಲಿ ಹೇಳ್ರಿ," ಎಂದ.

"ನನ್ನ ಕಿವಿಯಾಗ ಹೇಳಿದ್ರೆಲ್ಲ, ಅದನ್ನ ಇವರಿಗೆ ಹೇಳ್ರಿ. ಹಲಗಿದೂ ಹೇಳ್ರಿ."

ಅವನು ಮುತ್ತಪ್ಪನ ಕಟ್ಟೆಯ ಕಡೆ ತಿರುಗಿ ಹೇಳಿದ. ದನಿ ಸಾಲಿನವರೆಗೂ ಮುಟ್ಟಲಿಲ್ಲ.

"ಕೇಳವಲ್ದು," ಎಂದರು ಸತ್ಯಪ್ಪ. "ನಿಮ್ಮ ಫಸ್ಟ್‌ಕ್ಲಾಸ್ ಮೀನ ಅಂತ ಬೋರ್ಡು ದೊಡ್ಡ ಅಕ್ಷರದಾಗ ಬರಸೀರಿ. ಇದನ್ನೂ ಜೋರಾಗಿ ಹೇಳ್ರಿ."

ಸುಯೋಗ ಉಸಿರೆಳೆದುಕೊಂಡ. "ಚಿಲಾಪಿ ನಂದು," ಎಂದು ಕೂಗಿ ಹೇಳಿದ. "ಮೀನ ಸಾಕೂ ಧಂದೆ ನಂದು. ಅದು ನಾರೂದು ನನ್ನ ತಪ್ಪಿನಿಂದ, ಗೊತ್ತಿದ್ದೂ ಮಾಡಿದ್ದು. ಇವರು ಕೇಳಾಕ ಬಂದಾಗ ನಿಮ್ಮ ಹಲಗಿ ಹೊಲಸೈತಿ ಅಂತ ಸುಳ್ಳು ಹೇಳಿದ್ನಿ. ಇವರ ಮೀನಿನಾಗ ಏನೂ ತಪ್ಪಿರಲಿಲ್ಲ."

ಓಣಿಯ ಆಚೆ ಗೋಧಿಯ ತಕ್ಕಡಿ ನಿಂತಿತು. ನೇಮಿನಾಥ ಮಾಮಾ ತಿರುಗಿ, ಕನ್ನಡಕ ಸರಿಮಾಡಿಕೊಂಡು, ದನಿ ಬಂದ ಕಡೆ ನೋಡಿದರು. ಅಕ್ಕನ ಮಗನನ್ನು ಗುರುತು ಹಿಡಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ. ಕೈಯಲ್ಲಿದ್ದ ಗೋಧಿ ಕೆಳಗೆ ಬಿಟ್ಟು ಎದ್ದು ನಿಂತರು.

"ಅರ್ಧಾ ಮಂದಿಗೆ ಕನ್ನಡ ತಿಳಿಯಂಗಿಲ್ರಿ," ಎಂದಳು ಪ್ರಮಿಳಾ ಕೂತಲ್ಲಿಂದಲೇ.

ಸುಯೋಗ ಮಾಮಾನನ್ನು ನೋಡುತ್ತಲೇ ಅದನ್ನೆಲ್ಲ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದ.